ಕೆಳಮನೆಯ ಬಿಸಿನೀರು

ಆ ಕಟ್ಟಡದ ಮೂರನೇ ಮಹಡಿಯಲ್ಲಿದ್ದ ಲಿಫ್ಟ್ ಮೆಕ್ಯಾನಿಕ್‌ಗೆ ಜನ ಇಟ್ಟಿದ್ದ ಅಡ್ಡಹೆಸರು ಸ್ವಿಚ್. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅವನಿಗದು ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಹಿಗ್ಗುತ್ತಿದ್ದ. ಹಗಲು ಹೊತ್ತಿನಲ್ಲಿ ಮೆಟ್ಟಿಲಿನ ದೀಪ ಉರಿಯುತ್ತಿದ್ದರೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಯಾರದೇ ಮನೆಗೆ ಹೋಗಲಿ, ಕುರ್ಚಿ ಎಳೆದುಕೊಳ್ಳುವ ಮೊದಲೇ ಕತ್ತು ಉದ್ದ ಮಾಡಿ ಒಳಕೋಣೆ ನೋಡಿ, "ಅಲ್ಲಿ ಯಾರೂ ಇಲ್ವಲ್ಲ, ಫ್ಯಾನ್ ಯಾರಿಗೆ ತಿರುಗ್ತಿದೆ?" ಎಂದು ತಾನೇ ಎದ್ದು ಹೋಗಿ ಆರಿಸಿ ಬರುತ್ತಿದ್ದ. ಊರಿನ ಎತ್ತರದ ಕಟ್ಟಡಗಳಲ್ಲೆಲ್ಲ ಲಿಫ್ಟ್ ಓಡುವಂತೆ ನೋಡಿಕೊಳ್ಳುವುದು ಅವನ ಕೆಲಸ; ತಾನು ಮಾತ್ರ ಮನೆಗೆ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದ.

ಕೆಟ್ಟವನೇನಲ್ಲ. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತು ಒಳಗಿದ್ದವರು ಗಾಬರಿಯಾದರೆ, ಬಾಗಿಲ ಸಂದಿಗೆ ಬಾಯಿಟ್ಟು ಅವರ ಮನೆ ಸಮಾಚಾರ, ಮಕ್ಕಳ ಓದು, ಹಲ್ಲುನೋವು ಎಲ್ಲ ವಿಚಾರಿಸುತ್ತಲೇ ಸ್ಪ್ಯಾನರ್ ತಿರುಗಿಸುತ್ತಿದ್ದ. ಹೊರಗೆ ಬಂದವರು ಎಣ್ಣೆ ಮೆತ್ತಿದ ಆ ಕೈಯನ್ನೇ ಹಿಡಿದುಕೊಂಡು ನಿಲ್ಲುತ್ತಿದ್ದರು. ಮನೆಯಲ್ಲೂ ಅವನು ದನಿ ಎತ್ತಿದ್ದನ್ನು ಯಾರೂ ಕೇಳಿದವರಿಲ್ಲ. ಮನಸ್ಸಿಗೆ ಬಾರದ್ದೇನಾದರೂ ನಡೆದರೆ ಮುಖ ಸಣ್ಣ ಮಾಡಿಕೊಂಡು ಸುಮ್ಮನಾಗಿಬಿಡುತ್ತಿದ್ದ, ಅಷ್ಟೇ.

ಹೆಂಡತಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಕೌಂಟರಿನ ಹಿಂದೆ ನಿಂತೇ ಇರಬೇಕು. ಮಗಳು ನರ್ಸಿಂಗ್ ಓದುತ್ತಿದ್ದಳು. ಬೆಳ್ಳಗಿನ ಯೂನಿಫಾರ್ಮು, ಸಂಜೆ ಬರುವಷ್ಟರಲ್ಲಿ ಅದರ ಮೇಲೆ ಆಸ್ಪತ್ರೆಯ ಅಷ್ಟೂ ಕಲೆ. ಮತ್ತೆ ಅವನ ತಾಯಿ, ಮಂಡಿನೋವಿನ ಮುದುಕಿ. ಚಳಿ ಬಂತೆಂದರೆ ಆಕೆಯ ಕಾಲು ಮರದ ಕೊರಡಿನ ಹಾಗಾಗುತ್ತಿತ್ತು. ಅದೇ ಕಟ್ಟಡದ ನೆಲಮಹಡಿಯಲ್ಲಿ ಹೆಂಡತಿಯ ತಂಗಿ, ಅಂದರೆ ಅವನ ನಾದಿನಿ, ಮತ್ತು ಆಕೆಯ ಗಂಡ ಇದ್ದರು. ನಾದಿನಿ ಮನೆಯಲ್ಲೇ ಕೂತು ಪರದೆ, ದಿಂಬಿನ ಕವರು ಹೊಲಿದುಕೊಡುತ್ತಿದ್ದಳು. ಷಡ್ಡಕ ಆಂಬುಲೆನ್ಸ್ ಡ್ರೈವರ್. ಅವರದನ್ನು ಇವರೆಲ್ಲ ಕೆಳಮನೆ ಎನ್ನುತ್ತಿದ್ದರು.

ಕಟ್ಟಡದ ನಿವಾಸಿಗಳ ಸಂಘಕ್ಕೆ ಹಲ್ಲಿನ ಡಾಕ್ಟರೊಬ್ಬರು ಅಧ್ಯಕ್ಷರಾಗಿದ್ದರು. ಒಂದು ಭಾನುವಾರ ಅವರು ಎಲ್ಲರನ್ನೂ ಸೇರಿಸಿ, "ಭೂಮಿ ಬಿಸಿ ಆಗ್ತಿದೆ, ಕೆರೆ ಒಣಗ್ತಿದೆ ಅಂತ ದಿನಾ ಪೇಪರಲ್ಲಿ ಓದ್ತೀವಿ. ನಮ್ಮ ಮನೆ ಪಾಲು ಎಷ್ಟು ಅಂತ ಯಾರಾದ್ರೂ ನೋಡಿದ್ದೀವಾ? ಒಂದು ವರ್ಷ ಅಳೆದು ನೋಡೋಣ" ಎಂದರು. ಕರೆಂಟು, ನೀರು, ಅಡುಗೆ ಅನಿಲ, ಕಸದ ತೂಕ, ವಾಹನದ ಪೆಟ್ರೋಲು ಎಲ್ಲ ಸೇರಿಸಿ ತಿಂಗಳಿಗೊಮ್ಮೆ ಪ್ರತಿ ಮನೆಗೂ ಒಂದು ಅಂಕ. ಕಡಿಮೆ ಬಂದಷ್ಟೂ ಒಳ್ಳೆಯದು. ಮೆಟ್ಟಿಲ ಕೆಳಗಿನ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುವುದು. ಅಳೆಯುವ ಹೊಣೆ ಯಾರಿಗೆ ಎಂಬ ಪ್ರಶ್ನೆಯೇ ಏಳಲಿಲ್ಲ. ಎಲ್ಲರ ಕಣ್ಣೂ ಸ್ವಿಚ್‌ನ ಮೇಲೆ ಹೋಯಿತು.

ಅವನು ಆ ಕೆಲಸವನ್ನು ಮೈಮೇಲೆ ಎಳೆದುಕೊಂಡ. ಕೊಕ್ಕೆಯ ತಕ್ಕಡಿ ಹಿಡಿದು ಮನೆಮನೆಯ ಕಸದ ಚೀಲ ತೂಗಿದ. ಹಲವರ ಮನೆಯಲ್ಲಿ ಸದ್ದಿಲ್ಲದೆ ಸೋರುತ್ತಿದ್ದ ಫ್ಲಶ್ ಸರಿಮಾಡಿಕೊಟ್ಟ. ತರಕಾರಿ ಸಿಪ್ಪೆಯನ್ನು ಗೊಬ್ಬರ ಮಾಡುವುದು ಹೇಗೆಂದು ಬಾಲ್ಕನಿಯಲ್ಲಿ ಡ್ರಮ್ಮಿಟ್ಟು ತೋರಿಸಿದ. ಮೊದಲು ಮೂಗು ಮುಚ್ಚಿಕೊಂಡವರೇ ಆಮೇಲೆ ಹೂಕುಂಡಕ್ಕೆಂದು ಗೊಬ್ಬರ ಕೇಳಿಕೊಂಡು ಬಂದರು. ಇದೆಲ್ಲ ನಿಜವಾಗಿ ಒಳ್ಳೆಯ ಕೆಲಸ. ಅದನ್ನು ಇಲ್ಲವೆನ್ನುವಂತಿಲ್ಲ.

ಎಡವಟ್ಟಾದದ್ದು ಮೊದಲ ತಿಂಗಳ ಅಂಕ ಬಂದಾಗ. ಅವನ ಮನೆ ಪಟ್ಟಿಯ ನಡುವೆ ಎಲ್ಲೋ ಇತ್ತು. "ಅಳೆಯೋರ ಮನೇನೇ ಹೀಗಾ?" ಎಂದು ಯಾರೋ ತಮಾಷೆ ಮಾಡಿದರು. ಅವನೂ ನಕ್ಕ. ಆದರೆ ಆ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಅವನೊಳಗೆ ಕೂತಿತು. ಮನೆಗೆ ಬಂದವನೇ ಗೀಸರ್‌ಗೆ ಟೈಮರ್ ಹಾಕಿ, ಬೆಳಗಾಗುವ ಮುಂಚೆ ಒಂದಿಷ್ಟು ಹೊತ್ತು ಮಾತ್ರ ನೀರು ಕಾಯುವಂತೆ ಮಾಡಿದ. ಆ ಡಬ್ಬಿಗೊಂದು ಬೀಗ, ಬೀಗದ ಕೈ ಅವನ ಜೇಬಿನಲ್ಲಿ. ವಾಷಿಂಗ್ ಮೆಷಿನ್ ಭಾನುವಾರ ಮಾತ್ರ. ಇಸ್ತ್ರಿಪೆಟ್ಟಿಗೆ ಬೀರುವಿನ ಮೇಲೆ ಹೋಯಿತು. ತಾಯಿಯ ಕೋಣೆಯ ಹೀಟರ್ ಅಟ್ಟ ಸೇರಿತು.

"ಸ್ವಲ್ಪ ದಿನ ಅಷ್ಟೇ ಅಮ್ಮ. ಅಭ್ಯಾಸ ಆಗುತ್ತೆ" ಎಂದ.

"ಆಗ್ಲಿ ಬಿಡಪ್ಪ. ನೀನು ಏನೋ ಒಳ್ಳೇದಕ್ಕೇ ಮಾಡ್ತೀಯ" ಎಂದು ತಾಯಿ ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು.

ಹೆಂಡತಿ ಒಂದೆರಡು ಸಲ ಬಾಯಿ ತೆರೆದಳು. "ರೀ, ಅವಳ ಯೂನಿಫಾರ್ಮು ಭಾನುವಾರದವರೆಗೆ ಹೆಂಗ್ರೀ ಕಾಯುತ್ತೆ?" ಎಂದಳು. ಅವನ ಮುಖ ಸಣ್ಣಗಾಯಿತು. ಊಟದ ತಟ್ಟೆಯ ಮುಂದೆ ಮಾತಿಲ್ಲದೆ ಕೂತ. ಅದನ್ನು ನೋಡಲಾರದೆ ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಮುಂದಿನ ತಿಂಗಳು ಅವನ ಮನೆಯ ಅಂಕ ಇಳಿಯಿತು. ಅದರ ಮುಂದಿನ ತಿಂಗಳು ದಡದಡನೆ ಇಳಿಯಿತು. ನೋಡಿದಿರಾ, ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಮಗಳ ಯೂನಿಫಾರ್ಮು ದಿನವೂ ಹಾಲಿನಂತೆ ಬೆಳ್ಳಗಿದ್ದುದಾಗಲಿ, ತನ್ನ ಕೆಲಸದ ಅಂಗಿಗಳು ಗರಿಗರಿಯಾಗಿ ಮಡಚಿ ಕೂತಿರುತ್ತಿದ್ದುದಾಗಲಿ ಅವನ ಕಣ್ಣಿಗೆ ಬೀಳಲೇ ಇಲ್ಲ. ಬಿದ್ದದ್ದು ಬೇರೆಯದು. ಕೆಳಮನೆಯ ಅಂಕ ಏರುತ್ತಿತ್ತು.

ಚಳಿಗಾಲದ ನಡುವಿನ ಸಭೆಯಲ್ಲಿ ಅವನು ಎಲ್ಲರ ಎದುರು ನಾದಿನಿಯನ್ನೇ ಕೇಳಿಬಿಟ್ಟ. "ಅಲ್ಲಮ್ಮ, ನೀವಿರೋದು ಇಬ್ಬರು. ನೀರು, ಕರೆಂಟು ನೋಡಿದ್ರೆ ಹಾಸ್ಟೆಲ್ ನಡೆಸ್ತಿರೋ ಹಾಗಿದೆ. ಸ್ವಂತದವರು ಅಂತ ನಾನು ಬಿಟ್ಟುಬಿಡೋಕಾಗುತ್ತಾ?"

ಜನ ನಕ್ಕರು. ಹಾಸ್ಟೆಲ್ ಎಂಬ ಮಾತು ಹಿಂದಿನ ಸಾಲಿನವರೆಗೂ ಹೋಗಿ ಮತ್ತೊಮ್ಮೆ ನಗೆ ಎದ್ದಿತು. ಷಡ್ಡಕ ಧಡಕ್ಕನೆ ಎದ್ದು ನಿಂತ. ನಾದಿನಿ ಅವನ ಅಂಗಿಯ ತುದಿ ಹಿಡಿದು ಕೂರಿಸಿ, "ನೋಡ್ತೀನಿ ಭಾವ. ಕಡಿಮೆ ಮಾಡ್ತೀನಿ" ಎಂದಳು. ಪಕ್ಕದ ಕುರ್ಚಿಯಲ್ಲಿದ್ದ ಸ್ವಿಚ್‌ನ ಹೆಂಡತಿ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ತಂಗಿಯಿಂದಾಗಿ ಇವಳಿಗೆ ತಲೆತಗ್ಗಿಸುವ ಹಾಗಾಯಿತಲ್ಲ ಎಂದು ಅವನು ಮನಸ್ಸಿನಲ್ಲೇ ಮರುಗಿದ.

ಅದಾಗಿ ಕೆಲವು ವಾರಕ್ಕೆ ಅವರದೇ ಕಟ್ಟಡದ ಲಿಫ್ಟ್ ಕೆಟ್ಟಿತು. ಮಧ್ಯಾಹ್ನದ ಹೊತ್ತು ಅವನು ಕಂಪನಿಯ ನೀಲಿ ಅಂಗಿ ತೊಟ್ಟು, ತಲೆಗೆ ಟೋಪಿ, ಮೂಗಿಗೆ ಧೂಳಿನ ಮಾಸ್ಕು ಹಾಕಿಕೊಂಡು ಬಂದ. ಲಿಫ್ಟಿನ ತಳದ ಗುಂಡಿ ಇದ್ದದ್ದು ನೆಲಮಹಡಿಯಲ್ಲೇ, ಕೆಳಮನೆಯ ಬಾಗಿಲ ಪಕ್ಕದಲ್ಲಿ. ಗುಂಡಿಗೆ ಇಳಿದು ನೋಡಿದರೆ ಎಲ್ಲಿಂದಲೋ ನೀರು ಜಿನುಗಿ ಕೆಸರಾಗಿತ್ತು. ಒರೆಸಲು ಒಂದು ಹಳೇ ಬಟ್ಟೆ ಕೇಳೋಣವೆಂದು ಮೇಲೆ ಬಂದು ಕೆಳಮನೆಯ ಬಾಗಿಲು ತಟ್ಟಿದ. ಚಿಲಕ ಹಾಕಿರಲಿಲ್ಲ; ಬಾಗಿಲು ತಾನೇ ತೆರೆದುಕೊಂಡಿತು.

ಬಚ್ಚಲಿನಿಂದ ಬೆಚ್ಚನೆಯ ಹಬೆ ಹೊರಗೆ ಬರುತ್ತಿತ್ತು. ಒಳಗೆ ವಾಷಿಂಗ್ ಮೆಷಿನ್ ಗಿರಗಿರ ತಿರುಗುತ್ತಿತ್ತು. ಕಿಟಕಿಯ ಪಕ್ಕ ಕುರ್ಚಿಯಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಕಾಲನ್ನು ಬಿಸಿನೀರಿನ ಟಬ್ಬಿನಲ್ಲಿ ಇಳಿಬಿಟ್ಟು ಅವನ ತಾಯಿ ಕೂತಿದ್ದಳು. ಮುಖ ಕೆಂಪಗೆ ಹೊಳೆಯುತ್ತಿತ್ತು. ಅಷ್ಟು ನಿರಾಳವಾದ ಆ ಮುಖವನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ. ಹಿಂದಿನ ಬಾಲ್ಕನಿಯಲ್ಲಿ ನಾದಿನಿ ಬೆನ್ನು ಹಾಕಿಕೊಂಡು ಬಟ್ಟೆ ಹರವುತ್ತಿದ್ದಳು. ಹಗ್ಗದ ಮೇಲೆ ಮಗಳ ಬಿಳಿ ಯೂನಿಫಾರ್ಮು. ಅದರ ಪಕ್ಕದಲ್ಲೇ, ಜೇಬಿನ ಮೇಲೆ ಕಂಪನಿಯ ಗುರುತಿರುವ, ಅವನದೇ ನೀಲಿ ಅಂಗಿ.

ತಾಯಿಯ ಕನ್ನಡಕ ಕಿಟಕಿಯ ಕಟ್ಟೆಯ ಮೇಲಿತ್ತು. ಅದಿಲ್ಲದೆ ಆಕೆಗೆ ಮಂಜಿನೊಳಗೆ ನೋಡಿದಂತೆ. ಬಾಗಿಲಲ್ಲಿ ನಿಂತ ನೀಲಿ ಅಂಗಿಯನ್ನು ಕಂಡು, "ಯಾರಪ್ಪ? ಲಿಫ್ಟ್ ರಿಪೇರಿಯೋರಾ?" ಎಂದಳು.

ಅವನು ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡ.

"ನನ್ನ ಮಗನೂ ಇದೇ ಕೆಲಸ ಮಾಡೋದು. ಅಂಗಿ ನೋಡಿದ್ರೆ ನಿಮ್ಮ ಕಂಪನಿನೇ ಇರ್ಬೇಕು. ಬಾಗಿಲು ಸ್ವಲ್ಪ ಮುಂದೆ ಮಾಡಪ್ಪ, ಗಾಳಿ ಬರುತ್ತೆ." ಆಮೇಲೆ ದನಿ ತಗ್ಗಿಸಿ, "ಒಂದು ಉಪಕಾರ ಮಾಡ್ತೀಯಾ? ಅವನು ಸಿಕ್ಕಿದ್ರೆ, ನಾನು ಇಲ್ಲಿ ಕೂತಿದ್ದೆ ಅಂತ ಮಾತ್ರ ಹೇಳ್ಬೇಡ. ಒಳ್ಳೆಯವನೇ ಕಣಪ್ಪ. ಬೈಯೋನಲ್ಲ, ರೇಗೋನಲ್ಲ. ಸುಮ್ನೆ ಮುಖ ಸಣ್ಣ ಮಾಡ್ಕೋತಾನೆ. ನಂಗೆ ಅದನ್ನ ನೋಡೋಕಾಗಲ್ಲ. ಹೇಳಲ್ಲ ತಾನೇ? ಹೂಂ ಅನ್ನು."

"ಹೂಂ" ಎಂದ, ಮಾಸ್ಕಿನೊಳಗಿಂದ. ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ಹೊರಗೆ ಬಂದ.

ಲಿಫ್ಟಿನ ಗುಂಡಿಗೆ ಇಳಿದು ಅಲ್ಲೇ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಗೋಡೆಯ ಆಚೆ ಮೆಷಿನ್ನಿನ ಸದ್ದು ಕೇಳುತ್ತಿತ್ತು. ತನ್ನ ಹೆತ್ತ ತಾಯಿ ಬೆಚ್ಚಗೆ ಒಂದು ಸ್ನಾನ ಮಾಡಲು ಕಳ್ಳಿಯ ಹಾಗೆ ಮೆಟ್ಟಿಲಿಳಿದು ಬರಬೇಕಾಯಿತು. ಮಂಡಿ ಬಗ್ಗದ ಮುದುಕಿ. ಲಿಫ್ಟ್ ಓಡುತ್ತಿದ್ದ ದಿನಗಳಲ್ಲೂ ಮಗನ ಮುಖ ಸಣ್ಣಗಾದೀತೆಂದು ಮೆಟ್ಟಿಲನ್ನೇ ಇಳಿದಿರುತ್ತಾಳೆ. ಹಾಸ್ಟೆಲ್ ಎಂದು ಹಂಗಿಸಿದ್ದು, ಜನ ನಕ್ಕಿದ್ದು, 'ಕಡಿಮೆ ಮಾಡ್ತೀನಿ ಭಾವ' ಎಂದ ನಾದಿನಿಯ ಮುಖ, ಎಲ್ಲ ಒಂದರ ಹಿಂದೊಂದು ಬಂದು ಕಪಾಳಕ್ಕೆ ಬಾರಿಸಿದಂತಾಯಿತು. ತನ್ನ ಮನೆಯ ಅಂಕ ಇಳಿದಿರಲಿಲ್ಲ. ಮೂರು ಮಹಡಿ ಕೆಳಗೆ ಹೋಗಿ ಕೂತಿತ್ತು, ಅಷ್ಟೇ.

ಆ ಸಂಜೆಯೇ ಟೈಮರ್ ಬಿಚ್ಚಿ ಹಾಕಿದ. ಹೀಟರನ್ನು ಅಟ್ಟದಿಂದ ಇಳಿಸಿ ತಾಯಿಯ ಕೋಣೆಯಲ್ಲಿಟ್ಟ. ನೋಡಿದ್ದನ್ನು ಹೇಳಲು ಮಾತ್ರ ನಾಲಿಗೆ ಹೊರಳಲಿಲ್ಲ. "ಇನ್ಮೇಲೆ ಬೇಕಾದಾಗ ಬಿಸಿನೀರು ಹಾಕ್ಕೊಳ್ಳಿ" ಎಂದಷ್ಟೇ ಹೇಳಿದ. ಹೆಂಡತಿ ಅನುಮಾನದಿಂದ ನೋಡಿದಳು. ತಾಯಿ, "ಬೇಡ ಬಿಡಪ್ಪ, ನಂಗೆ ತಣ್ಣೀರೇ ಒಗ್ಗಿಹೋಗಿದೆ" ಎಂದಳು, ಅವನ ಮನಸ್ಸಿಗೆ ಖುಷಿಯಾಗಲೆಂದು. ಗೀಸರ್ ಗುಂಡಿಯನ್ನು ಯಾರೂ ಮುಟ್ಟಲಿಲ್ಲ. ಬೀಗ ಹೋಗಿತ್ತು, ಅಂಜಿಕೆ ಹೋಗಿರಲಿಲ್ಲ. ದಿನವೂ ಅವನು ಕೆಲಸದಿಂದ ಬಂದು ಬಚ್ಚಲಿಗೆ ಹೋಗಿ ಒಣಗಿದ ನೆಲ ನೋಡಿ ಬರುವನು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವರ್ಷದ ಕೊನೆಯ ಸಭೆ ಬಂದೇಬಿಟ್ಟಿತು.

ಸಭೆಯಲ್ಲಿ ಹಲ್ಲಿನ ಡಾಕ್ಟರು ಅವನ ಮನೆಯನ್ನು ಮೊದಲನೆಯದೆಂದು ಸಾರಿ, ಒಂದು ಸಸಿಯ ಕುಂಡವನ್ನು ಕೈಯಲ್ಲಿ ಹಿಡಿದು ಕರೆದರು. ಚಪ್ಪಾಳೆ. ಅವನು ಎದ್ದು ಮೈಕಿನ ಬಳಿ ಹೋದ. ಕುಂಡ ತೆಗೆದುಕೊಳ್ಳಲಿಲ್ಲ.

"ಈ ಅಂಕ ಸರಿ ಇಲ್ಲ ಡಾಕ್ಟ್ರೇ" ಎಂದ.

"ನೋಡಿ, ಎಂಥ ವಿನಯ!" ಎಂದರು ಡಾಕ್ಟರು. ಚಪ್ಪಾಳೆ ಇನ್ನೂ ಜೋರಾಯಿತು.

ಅವನ ಕಿವಿ ಬಿಸಿಯಾಯಿತು. "ವಿನಯ ಅಲ್ಲ. ನಮ್ಮನೆ ಬಟ್ಟೆ ಎಲ್ಲ ಕೆಳಮನೇಲಿ ಒಗೀತಾ ಇದ್ರು. ಇಸ್ತ್ರೀನೂ ಅಲ್ಲೇ. ನಮ್ಮಮ್ಮ ಸ್ನಾನಕ್ಕೆ ಅಲ್ಲಿಗೇ ಹೋಗ್ತಾ ಇದ್ರು. ನನ್ನ ಕಾಟಕ್ಕೆ. ಕೆಳಮನೆಯೋರ ಲೆಕ್ಕದಲ್ಲಿ ಇರೋದು ನಮ್ಮದು. ಅವತ್ತು ನಾನು ಅವರನ್ನ ಅಂದಿದ್ದು ತಪ್ಪು" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಅವನನ್ನು ಬಿಟ್ಟು ಅವನ ತಾಯಿಯ ಕಡೆಗೆ ತಿರುಗಿತು. ಮುಂದಿನ ಸಾಲಿನಲ್ಲಿ, ಮಗನಿಗೆ ಬಹುಮಾನ ಬರುತ್ತದೆಂದು ಒಳ್ಳೆಯ ಬಟ್ಟೆ ಉಟ್ಟು ಕೂತಿದ್ದ ಮುದುಕಿ ಶಾಲನ್ನು ಮುಖಕ್ಕೆ ಎಳೆದುಕೊಂಡಳು. ಮಗಳು ಎದ್ದು ಅಜ್ಜಿಯ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಹೆಂಡತಿ ಅವರ ಹಿಂದೆಯೇ ಹೋದಳು, ತಿರುಗಿ ನೋಡದೆ.

ಮೆಟ್ಟಿಲ ತಿರುವಿನಲ್ಲಿ ಅವನು ಹೆಂಡತಿಯನ್ನು ಹಿಡಿದು ನಿಲ್ಲಿಸಿದ. ಇಷ್ಟು ಹೇಳಿದ್ದಕ್ಕೆ ಅವಳ ಮನಸ್ಸು ಹಗುರಾಗಿರುತ್ತದೆ ಎಂದುಕೊಂಡಿದ್ದ.

"ನಮ್ಮನ್ನ ಒಂದು ಮಾತು ಕೇಳಿದ್ರಾ?" ಎಂದಳು ಅವಳು. ದನಿ ನಡುಗುತ್ತಿತ್ತು. "ಮೊದಲು ನಿಮ್ಮ ಅಂಕಕ್ಕೆ ನಮ್ಮನ್ನ ಚಳೀಲಿ ನಿಲ್ಲಿಸಿದ್ರಿ. ಈಗ ನಿಮ್ಮ ತಪ್ಪೊಪ್ಪಿಗೆಗೆ ಊರ ಮುಂದೆ ನಿಲ್ಲಿಸಿದ್ರಿ. ಅತ್ತೆ ಎಲ್ಲಿ ಸ್ನಾನ ಮಾಡ್ತಾರೆ ಅನ್ನೋದು ಊರಿಗೆಲ್ಲ ಗೊತ್ತಾಗ್ಬೇಕಿತ್ತಾ? ಮನೇಲಿ ನಮ್ಮ ಹತ್ರ ಹೇಳೋಕೆ ಬಾಯಿ ಬರಲಿಲ್ಲ, ಅಲ್ಲಿ ಮೈಕು ಮುಂದೆ ಬಂತು."

ಅವನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಸಭೆಗೆ ಹೋಗುವಾಗ ಇದ್ದ ನಾಚಿಕೆ ಒಂದಾದರೆ, ಬರುವಾಗ ಎರಡಾಗಿತ್ತು. ಇವಳು ಹೇಳಿದ್ದರಲ್ಲಿ ತಳ್ಳಿಹಾಕುವ ಒಂದು ಅಕ್ಷರವೂ ಇರಲಿಲ್ಲ. ಒಂದು ಗಳಿಗೆಗೆ ಅವನ ಮುಖ ಎಂದಿನಂತೆ ಸಣ್ಣಗಾಗತೊಡಗಿತು. ಹೆಂಡತಿ ತಕ್ಷಣ ಕಂಡುಹಿಡಿದಳು.

"ಆ ಮುಖ ಮಾಡ್ಬೇಡಿ. ಬೇಕಾದ್ರೆ ಬೈಯಿರಿ. ಆ ಮುಖ ಮಾಡ್ಬೇಡಿ."

ಅವನಿಗೆ ಬೈಯಲೂ ಬರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳು ಅವನನ್ನು ಅಲ್ಲೇ ಬಿಟ್ಟು ಮೇಲೆ ಹೋದಳು.

ಮಾರನೆಯ ದಿನ ಅವನು ಕೆಳಮನೆಗೆ ಹೋದ. ಷಡ್ಡಕ ಬಾಗಿಲು ತೆಗೆದ. ನಾದಿನಿ ಹೊಲಿಗೆ ನಿಲ್ಲಿಸಿ, "ಬನ್ನಿ ಭಾವ" ಎಂದು ಟೀ ಇಡಲು ಹೋದಳು.

"ಕ್ಷಮಿಸು ಅಂತ ಕೇಳೋಕೆ ಬಂದೆ" ಎಂದ ಷಡ್ಡಕನಿಗೆ.

"ನಂಗೇನೂ ಇಲ್ಲ ಅಣ್ಣ" ಎಂದ ಷಡ್ಡಕ, ಕಣ್ಣು ಬೇರೆ ಕಡೆ ಇಟ್ಟು. "ಆದ್ರೆ ಆಮೇಲೆ ಮೆಟ್ಟಿಲ ಹತ್ರ ಮಕ್ಕಳೆಲ್ಲ ಇವಳನ್ನ ಹಾಸ್ಟೆಲ್ ಆಂಟಿ ಅಂತ ಕರೆಯೋಕೆ ಶುರು ಮಾಡಿದ್ರು. ನಿಜ ಹೇಳಿಬಿಡು ಅಂತ ನಾನು ಎಷ್ಟು ಹೇಳ್ದೆ. ಅಕ್ಕನ ಸಂಸಾರ ಅಂತ ಬಾಯಿ ಬಿಡ್ಲಿಲ್ಲ ಇವಳು."

ಅವನು ಟೀ ಲೋಟವನ್ನು ಕೆಳಗಿಟ್ಟ. ಆ ಹೆಸರು ಅವನ ಕಿವಿಗೂ ಬಿದ್ದಿತ್ತು. ಯಾರನ್ನು ಕರೆಯುತ್ತಿದ್ದಾರೆಂದು ವಿಚಾರಿಸಿರಲಿಲ್ಲ. ನಾದಿನಿ, "ಬಿಡಿ ಭಾವ, ಆಗಿದ್ದಾಯ್ತು. ಟೀ ಆರುತ್ತೆ" ಎಂದಳು. ಅವಳು ನಿಜಕ್ಕೂ ಕ್ಷಮಿಸಿದ್ದಳು. ಆದರೂ ಮುಂಚಿನಂತೆ ಅವನ ತಮಾಷೆಗೆ ಗಹಗಹಿಸಿ ನಗುವುದು ಅವಳಿಗೆ ಆಮೇಲೆ ಎಂದೂ ಆಗಲಿಲ್ಲ. ಅದು ಅವನಿಗೂ ಗೊತ್ತಾಗುತ್ತಿತ್ತು.

ಮನೆಯಲ್ಲಿ ಅಳತೆ ನಿಲ್ಲಲಿಲ್ಲ. ನಿಲ್ಲಿಸಬೇಡಿ ಎಂದವಳು ಹೆಂಡತಿಯೇ. "ಅಳೆಯೋದು ತಪ್ಪಲ್ಲ. ನೀವೊಬ್ಬರೇ ಅಳೆದಿದ್ದು ತಪ್ಪು" ಎಂದಳು. ಒಂದು ಸಂಜೆ ನಾಲ್ವರೂ ಅಡುಗೆಮನೆಯ ಮೇಜಿಗೆ ಕೂತರು. ಯಾರಿಗೆ ಏನು ಬಿಟ್ಟರೆ ನೋವಾಗುತ್ತದೆ, ಏನು ಬಿಟ್ಟರೆ ಆಗುವುದಿಲ್ಲ ಎಂದು ಮೊದಲು ಮಾತಾಯಿತು. ಅಜ್ಜಿಯ ಬಿಸಿನೀರಿಗೆ ಯಾರೂ ಕೈ ಹಚ್ಚುವಂತಿಲ್ಲ. ಯೂನಿಫಾರ್ಮಿಗೂ ಅಷ್ಟೇ; ಆದರೆ ಎರಡು ಮನೆಯ ಬಟ್ಟೆ ಸೇರಿಸಿ ಮೆಷಿನ್ ತುಂಬಾ ಹಾಕಬಹುದು. ಆಗ ಮಗಳು, "ಅಪ್ಪ, ಒಂದು ಕೇಳ್ಲಾ? ಈ ಲೆಕ್ಕದಲ್ಲಿ ನಿನ್ನ ಬೈಕ್ ಎಲ್ಲಿ?" ಎಂದಳು.

"ಅದು ಕೆಲಸಕ್ಕೆ ಹೋಗೋದಲ್ವಾ. ಅದನ್ನ ಮನೆ ಲೆಕ್ಕಕ್ಕೆ ಸೇರಿಸಲ್ಲ."

"ಭಾನುವಾರ ಸ್ನೇಹಿತರ ಜೊತೆ ಬೆಟ್ಟಕ್ಕೆ ಹೋಗೋದು? ಅದೂ ಕೆಲಸಾನಾ?"

ಬೆಳಗಿನ ಗಾಳಿಗೆ ಮುಖವೊಡ್ಡಿ ಬೆಟ್ಟದ ತಿರುವುಗಳಲ್ಲಿ ಬೈಕ್ ಓಡಿಸುವುದು ಅವನಿಗೆ ಪ್ರಾಣ. ಕೆಲಸದ ಬೈಕು ತಾನೇ ಎಂದು ಆ ಪೆಟ್ರೋಲನ್ನೂ ವರ್ಷವಿಡೀ ಹೊರಗಿಟ್ಟಿದ್ದ. ತಾಯಿಯ ಹೀಟರ್ ಅಟ್ಟ ಸೇರಿದ ಅದೇ ಭಾನುವಾರವೂ ಬೆಟ್ಟಕ್ಕೆ ಹೋಗಿ ಬಂದಿದ್ದ. ಸೇರಿಸಿ ನೋಡಿದಾಗ, ಮನೆಯವರೆಲ್ಲ ಬಿಸಿನೀರು ಬಿಟ್ಟು ಉಳಿಸಿದ್ದಕ್ಕಿಂತ ಆ ಬೈಕು ಸುಟ್ಟದ್ದೇ ಹೆಚ್ಚಿತ್ತು. ಮಗಳು ಅದನ್ನು ಜೋರಾಗಿ ಓದಿ ಹೇಳಲಿಲ್ಲ. ಕಾಗದವನ್ನು ಅವನ ಕಡೆಗೆ ಸರಿಸಿದಳು, ಅಷ್ಟೇ. ತಾಯಿ ಮಾತ್ರ, "ಹೋಗ್ಲಿ ಬಿಡಿ, ಅವನಿಗಿರೋದು ಅದೊಂದು ಖುಷಿ" ಎಂದಳು.

ಬೆಟ್ಟದ ಸವಾರಿ ನಿಂತಿತು. ಕೆಲಸಕ್ಕೂ ಸಾಧ್ಯವಾದಷ್ಟು ಬಸ್ಸು ಹಿಡಿದ. ಉಪಕರಣದ ಚೀಲ ಹೊತ್ತು ಬಸ್ಸಿನಲ್ಲಿ ನಿಂತು ಬರುವುದು ಕಷ್ಟವೇ. ಸಂಘ ಅಳತೆಯನ್ನು ಮುಂದಿನ ವರ್ಷಕ್ಕೂ ಮುಂದುವರಿಸಿತು; ಅಳೆಯುವ ಕೆಲಸ ಮಾತ್ರ ಬೇರೆಯವರಿಗೆ ಹೋಯಿತು. ಅವನ ಮನೆ ಪಟ್ಟಿಯ ನಡುವೆ ನಿಂತಿತು, ಅಲ್ಲಿಂದ ಅದರ ಅಂಕ ವರ್ಷವರ್ಷ ಒಂದಿಷ್ಟಿಷ್ಟೇ ಇಳಿಯಿತು. ತಾಯಿ ಮೇಲುಮನೆಯಲ್ಲೇ ಸ್ನಾನ ಮಾಡತೊಡಗಿದಳು, ಆದರೆ ಅದಕ್ಕೆ ತಿಂಗಳುಗಳೇ ಹಿಡಿದವು.

ಒಮ್ಮೆ ಊರಿನ ಇನ್ನೊಂದು ಬದಿಯ ಕಟ್ಟಡದವರು, ನಮ್ಮಲ್ಲೂ ಅಳತೆ ಶುರು ಮಾಡ್ತೀವಿ, ಬಂದು ನಾಲ್ಕು ಮಾತು ಹೇಳಿ ಎಂದು ಅವನನ್ನು ಕರೆದರು. ಅವನು ಒಲ್ಲೆನೆಂದ. ಹೆಂಡತಿ ಹೋದಳು. ಮಾತು ಮುಗಿಯುವ ಹೊತ್ತಿಗೆ ಅವನು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ. ಕೆಲಸ ಮುಗಿಸಿ ನೇರ ಅಲ್ಲಿಗೇ ಬಂದಿದ್ದ.

"ನನ್ನ ವಿಷಯ ಹೇಳಿದ್ಯಾ?" ಎಂದ.

"ಹೇಳ್ದೆ. ಯಾರು ಅಂತ ಹೇಳ್ಲಿಲ್ಲ. ಒಬ್ಬರ ಮನೇಲಿ ಹಿಂಗಾಯ್ತು ಅಂದೆ. ಶುರು ಮಾಡೋ ಮುಂಚೆ ಮನೇಲಿ ಎಲ್ಲರನ್ನೂ ಕೂರಿಸಿ ಕೇಳಿ ಅಂದೆ."

"ನಕ್ರಾ?"

"ಮೊದಲು ನಕ್ರು. ಆಮೇಲೆ ಹಿಂದೆ ಕೂತಿದ್ದ ಒಬ್ಬ ಹೆಂಗಸು ಅತ್ಲು. ಪಕ್ಕದಲ್ಲಿ ಅವಳ ಗಂಡ ಇದ್ದ."

ಬಸ್ಸು ಬಂತು. ಒಂದೇ ಸೀಟು ಖಾಲಿ ಇತ್ತು. ದಿನವಿಡೀ ನಿಂತವಳು ಅವಳು, ಕೂತಳು. ಉಪಕರಣದ ಚೀಲವನ್ನು ಅವನ ಕೈಯಿಂದ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು.